ನಾಲ್ವರು ವೈದ್ಯರು, ನಾಲ್ಕು ಹೆಸರು: ಯಾವುದು ನಿಜ?

ನಮ್ಮ ಆರೋಗ್ಯ ಮಾತುಕತೆಯ ಫೋನ್-ಇನ್ ಕಾರ್ಯಕ್ರಮವನ್ನು ತಪ್ಪದೆ ನೋಡುವ ನಿಮಗೆ ಒಂದು ವಿಷಯ ಗೊತ್ತಿದ್ದೇ ಇರುತ್ತದೆ. ಕೊನೆಯ ಎರಡು ನಿಮಿಷದಲ್ಲಿ ಬರುವ ಕರೆಗೆ ನ್ಯಾಯ ಸಿಗುವುದಿಲ್ಲ. ಮನಸ್ಸಿನ ಕಾಯಿಲೆಗಳನ್ನು ಕುರಿತ ಸಂಚಿಕೆಯಲ್ಲೂ ಹಾಗೇ ಆಯಿತು. ಫ್ಲೋರ್ ಮ್ಯಾನೇಜರ್ ಒಂದು ಬೆರಳೆತ್ತಿ ಒಂದೇ ನಿಮಿಷ ಉಳಿದಿದೆ ಎಂದು ಸನ್ನೆ ಮಾಡಿದ್ದರು. ಆಗ ಒಬ್ಬರ ಧ್ವನಿ ಕೇಳಿಸಿತು:

"ಸಾರ್, ಆರು ವರ್ಷದಿಂದ ಮನಸ್ಸು ಸರಿ ಇಲ್ಲ ನನಗೆ. ನಾಲ್ಕು ಜನ ಡಾಕ್ಟರ ಹತ್ತಿರ ತೋರಿಸಿದೆ. ಒಬ್ಬರು ಡಿಪ್ರೆಷನ್ ಅಂದರು, ಒಬ್ಬರು ಆಂಗ್ಸೈಟಿ ಅಂದರು, ಮೂರನೆಯವರು ಇನ್ನೇನೋ ಬರೆದುಕೊಟ್ಟರು. ನಾಲ್ಕನೆಯವರು ಏನೂ ಹೇಳದೆ ಮಾತ್ರೆ ಬದಲಾಯಿಸಿದರು. ನನಗಿರೋದು ಯಾವುದು ಸಾರ್?"

ಸ್ಟುಡಿಯೋದಲ್ಲಿದ್ದ ವೈದ್ಯರು "ನಿರಾಶರಾಗಬೇಡಿ, ಒಬ್ಬರೇ ವೈದ್ಯರಲ್ಲಿ ಚಿಕಿತ್ಸೆ ಮುಂದುವರಿಸಿ" ಎನ್ನುವಷ್ಟರಲ್ಲಿ ಮುಕ್ತಾಯದ ಸಂಗೀತ ಬಂದುಬಿಟ್ಟಿತು. ಕಂಟ್ರೋಲ್ ರೂಮಿನಲ್ಲಿ ಕುಳಿತು ಆ ಸಂಗೀತ ಹಾಕಿಸಿದವನು ನಾನೇ. ನಿರಾಶರಾಗಬೇಡಿ ಎಂಬುದು ಒಳ್ಳೆಯ ಮಾತು, ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಆ ಉತ್ತರಕ್ಕಾಗಿ ಈ ಪುಟಗಳನ್ನು ಮೀಸಲಿಟ್ಟಿದ್ದೇನೆ. ನಾನು ವೈದ್ಯನಲ್ಲ, ಬಿ.ಎಸ್ಸಿ. ಓದಿ ಕ್ಯಾಮೆರಾ ಹಿಂದೆ ನಿಂತವನು. ಆದರೂ ಈ ವಿಷಯದಲ್ಲಿ ನನ್ನ ಮನೆಯಲ್ಲೇ ಒಂದು ಪಾಠ ಆಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಮೂಲಭೂತ ವಿಷಯ. ನಿಮಗೆ ಜ್ವರ ಬಂದಿದೆ ಎಂದುಕೊಳ್ಳಿ. ರಕ್ತದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಲೇರಿಯಾ ಹೌದೋ ಅಲ್ಲವೋ ಎಂದು ಹೇಳಬಹುದು. ಪರಾವಲಂಬಿ ಜೀವಿ ಅಲ್ಲಿ ಕಣ್ಣಿಗೇ ಕಾಣುತ್ತದೆ. ಖಿನ್ನತೆ, ಆತಂಕದ ಕಾಯಿಲೆ, ಗೀಳು ಕಾಯಿಲೆ, ಸ್ಕಿಜೋಫ್ರೀನಿಯಾ ಇವುಗಳಲ್ಲಿ ಯಾವುದನ್ನೂ ಹೀಗೆ ಖಚಿತಪಡಿಸುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನಾಗಲಿ ಇಂದಿಗೂ ಬಂದಿಲ್ಲ. ಇಲ್ಲಿ ಕಾಯಿಲೆಯ ಹೆಸರು ಎಂದರೆ ಒಟ್ಟಿಗೆ ಕಾಣಿಸಿಕೊಳ್ಳುವ ಲಕ್ಷಣಗಳ ಒಂದು ಗುಂಪಿಗೆ ವೈದ್ಯರು ಕೊಟ್ಟ ಹೆಸರು. ಉದಾಹರಣೆಗೆ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇದರ ಜೊತೆಗೆ ನಿದ್ರೆ, ಹಸಿವು, ಶಕ್ತಿ, ಏಕಾಗ್ರತೆ ಕೆಡುವುದು, ಇದು ಕನಿಷ್ಠ 2 ವಾರ ಬಿಡದೆ ಇರುವುದು: ಇಷ್ಟಿದ್ದರೆ ಖಿನ್ನತೆ ಎನ್ನುತ್ತಾರೆ. ವೈದ್ಯರ ಕೈಯಲ್ಲಿರುವ ಮುಖ್ಯ ಉಪಕರಣ ನೀವು ಹೇಳುವ ಕಥೆ. ನಿಮ್ಮ ಮುಖ, ಮಾತಿನ ವೇಗ, ಮನೆಯವರು ಹೇಳುವುದು, ಇವೆಲ್ಲ ಅದಕ್ಕೆ ಸೇರುತ್ತವೆ.

ಹಾಗಾದರೆ ಒಂದೇ ಕಥೆ ಕೇಳಿದ ಇಬ್ಬರು ವೈದ್ಯರು ಒಂದೇ ಹೆಸರು ಹೇಳಬೇಕಲ್ಲವೇ? ಇದನ್ನು ಪರೀಕ್ಷಿಸಿದವರಿದ್ದಾರೆ, ಅದೂ ನಮ್ಮ ಕಸುಬಿನ ಸಾಮಗ್ರಿಯನ್ನೇ ಬಳಸಿ. ಕೆಲವು ರೋಗಿಗಳ ಸಂದರ್ಶನವನ್ನು ವಿಡಿಯೋ ಟೇಪಿನಲ್ಲಿ ಚಿತ್ರೀಕರಿಸಿ, ಅದೇ ಟೇಪುಗಳನ್ನು ಅಮೆರಿಕದ ಮನೋವೈದ್ಯರಿಗೂ ಬ್ರಿಟನ್ನಿನ ಮನೋವೈದ್ಯರಿಗೂ ತೋರಿಸಿದರು. ಫಲಿತಾಂಶ 1971ರಲ್ಲಿ ಪ್ರಕಟವಾಯಿತು. ಕೆಲವು ಟೇಪುಗಳ ವಿಷಯದಲ್ಲಿ ಎರಡೂ ಕಡೆಯವರು ಒಪ್ಪಿದ್ದರು. ಇನ್ನು ಕೆಲವದರಲ್ಲಿ ಅಮೆರಿಕದ ಬಹಳಷ್ಟು ವೈದ್ಯರು ಸ್ಕಿಜೋಫ್ರೀನಿಯಾ ಎಂದರೆ, ಬ್ರಿಟನ್ನಿನವರು ಬೇರೆಯೇ ಹೆಸರು ಬರೆದಿದ್ದರು. ಅದೇ ಮನುಷ್ಯ, ಅದೇ ಮಾತು, ಅದೇ ಟೇಪು! ಒಂದೇ ಹೆಸರಿನಿಂದ ಎರಡು ದೇಶದವರು ಎರಡು ಅರ್ಥ ಮಾಡಿಕೊಳ್ಳುತ್ತಿದ್ದರು ಎಂಬುದು ಬಯಲಾಯಿತು. ಯಾವ ಕಾಯಿಲೆಗೆ ಯಾವ ಲಕ್ಷಣ, ಎಷ್ಟು ದಿನ ಇರಬೇಕು ಎಂದು ಪಟ್ಟಿ ಮಾಡುವ ಕ್ರಮಕ್ಕೆ ಇಂಥ ಅನುಭವಗಳೇ ಒತ್ತು ಕೊಟ್ಟವು. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಹಾಗೆ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ 11ನೆಯ ಆವೃತ್ತಿ 2022ರಿಂದ ಜಾರಿಯಲ್ಲಿದೆ.

ಆದ್ದರಿಂದ ಇಂದು ಇಬ್ಬರು ವೈದ್ಯರು ಒಂದೇ ಟೇಪು ನೋಡಿದರೆ ಭಿನ್ನಾಭಿಪ್ರಾಯ ಮೊದಲಿಗಿಂತ ಕಡಿಮೆ. ಆದರೆ ಕರೆ ಮಾಡಿದ ಆ ಸಜ್ಜನರ ನಾಲ್ವರು ವೈದ್ಯರು ನೋಡಿದ್ದು ಒಂದೇ ಟೇಪನ್ನೇ? ಒಬ್ಬರು ಅವರನ್ನು ನಿದ್ರೆ ಬಾರದ ತಿಂಗಳಲ್ಲಿ ನೋಡಿರಬಹುದು, ಇನ್ನೊಬ್ಬರು ಎದೆ ಡವಗುಟ್ಟುವ ತಿಂಗಳಲ್ಲಿ. ಯಾವುದೇ ಪಟ್ಟಿ ಟೇಪಿನಲ್ಲಿ ಇರುವುದನ್ನಷ್ಟೇ ಅಳೆಯಬಲ್ಲದು. ಚಿತ್ರೀಕರಣವೇ ಆಗದ ಭಾಗ, ಅಥವಾ ಚಿತ್ರೀಕರಿಸಿ ನಾವೇ ಕತ್ತರಿಸಿದ ಭಾಗ, ವೈದ್ಯರಿಗೆ ಕಾಣುವುದಿಲ್ಲ.

ಕತ್ತರಿಸುವುದು ನನ್ನ ಹೊಟ್ಟೆಪಾಡು. ಮನೆಯಲ್ಲೂ ಅದೇ ಕೆಲಸ ಮಾಡಿದೆ.

ಅಕ್ಕನ ವಿಷಯ ಇದು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಹೆಸರು ಬೇಡ, ಊರೂ ಬೇಡ, ಉಳಿದದ್ದು ಬರಿ" ಎಂದಳು. ಅಕ್ಕ ಹೈಸ್ಕೂಲು ಉಪಾಧ್ಯಾಯಿನಿ. 2008ರಲ್ಲಿ, ಅವಳಿಗೆ 32 ವರ್ಷವಾಗಿದ್ದಾಗ, ಶಾಲೆಗೆ ಹೋಗುವುದು ಬೇಡವೆನ್ನಿಸತೊಡಗಿತು. ಆಮೇಲೆ ಸ್ನಾನ ಬೇಡ, ಮಾತು ಬೇಡ, ಊಟವೂ ಬೇಡ ಎಂಬಲ್ಲಿಗೆ ಬಂತು. ಭಾವನಿಗೆ ಅಂಗಡಿ ಬಿಟ್ಟು ಬರಲಾಗುತ್ತಿರಲಿಲ್ಲವಾಗಿ ನಾನೇ ಅವಳನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಖಿನ್ನತೆ ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ, ಆ ದಿನ ಅವಳಿಗೆ ಇದ್ದದ್ದು ಖಿನ್ನತೆಯೇ. ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ಎದ್ದು ಕುಳಿತಳು, ಮಾತ್ರೆ ಬಿಟ್ಟಳು. ಮತ್ತೆ 2011ರಲ್ಲಿ ಮಲಗಿದಳು, 2013ರಲ್ಲಿ ಇನ್ನೊಮ್ಮೆ. ಪ್ರತಿ ಸಲವೂ ಹೊಸ ವೈದ್ಯರು, ಪ್ರತಿ ಸಲವೂ ಪಕ್ಕದ ಕುರ್ಚಿಯಲ್ಲಿ ನಾನು. ವೈದ್ಯರು ಅವಳನ್ನು ಕೇಳಿದ ಪ್ರಶ್ನೆಗಳಿಗೆ ಅರ್ಧಕ್ಕರ್ಧ ಉತ್ತರ ನಾನೇ ಕೊಡುತ್ತಿದ್ದೆ, ಚೊಕ್ಕಟವಾಗಿ, ಕಾಲಕ್ರಮದಲ್ಲಿ, ಬೇಡದ್ದನ್ನೆಲ್ಲ ತೆಗೆದು.

ಹಾಗೆ ತೆಗೆದದ್ದರಲ್ಲಿ 2010ರ ಬೇಸಿಗೆಯೂ ಒಂದು. ಆ ಮೂರು ತಿಂಗಳು ಅಕ್ಕ ಬೆಳಗಿನ ಜಾವ ಮೂರಕ್ಕೆ ಏಳುತ್ತಿದ್ದಳು. ಮಲಗುತ್ತಿದ್ದದ್ದು ಹನ್ನೆರಡಕ್ಕೆ. ಆದರೂ ದಣಿವಿಲ್ಲ. ಟ್ಯೂಷನ್ ಸೆಂಟರ್ ಮಾಡುತ್ತೇನೆಂದು ಒಂದು ಹಾಲ್ ಬಾಡಿಗೆಗೆ ಹಿಡಿದಳು. ಒಬ್ಬ ವಿದ್ಯಾರ್ಥಿಯೂ ಸೇರುವ ಮೊದಲೇ 40 ಪ್ಲಾಸ್ಟಿಕ್ ಕುರ್ಚಿ ಬಂದವು, ಸಾಲದ ಮೇಲೆ ಜೆರಾಕ್ಸ್ ಯಂತ್ರ ಬಂತು. ಹದಿನೈದು ವರ್ಷ ಮಾತು ಬಿಟ್ಟಿದ್ದ ದೊಡ್ಡಪ್ಪನ ಮನೆಯವರಿಗೆಲ್ಲ ಫೋನ್ ಮಾಡಿ ರಾಜಿ ಮಾಡಿಕೊಂಡಳು. ಒಂದು ಮದುವೆ ಮನೆಯಲ್ಲಿ ಮೈಕು ಹಿಡಿದು ಅರ್ಧ ಗಂಟೆ ಮಾತಾಡಿದಳು, ನಾವೆಲ್ಲ ನಕ್ಕೆವು. "ಅಕ್ಕ ಮೊದಲಿನ ಹಾಗೆ ಆದಳು, ಮೊದಲಿಗಿಂತ ಚೆನ್ನಾಗಿದ್ದಾಳೆ" ಎಂದು ಸಂತೋಷಪಟ್ಟೆವು. ಭಾವನಿಗೆ ಹೇಳದೆ ಬಳೆ ಮಾರಿದ್ದು ಗೊತ್ತಾದಾಗ ಮನೆಯಲ್ಲಿ ರಂಪವಾಯಿತು. ಅದನ್ನು ಗಂಡ-ಹೆಂಡಿರ ಜಗಳದ ಖಾತೆಗೆ ಬರೆದುಕೊಂಡೆವು. ಕಾಯಿಲೆಯ ಖಾತೆಗೆ ಯಾರೂ ಬರೆಯಲಿಲ್ಲ. ಆ ಕುರ್ಚಿಗಳು ಕೊನೆಗೆ ಶಾಮಿಯಾನದವರ ಪಾಲಾದವು.

2015ರಲ್ಲಿ ಹೋದದ್ದು ಐದನೆಯ ವೈದ್ಯರ ಬಳಿಗೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವತ್ತು ಅಮ್ಮನೂ ಜೊತೆಗಿದ್ದರು. ಅಕ್ಕನ ಕುಗ್ಗಿದ ದಿನಗಳ ಕಥೆಯನ್ನು ಎಂದಿನಂತೆ ನಾನು ಒಪ್ಪಿಸಿದ ಮೇಲೆ ಅವರು ಕೇಳಿದರು: "ಇವರು ಯಾವಾಗಲಾದರೂ ತೀರಾ ಚೆನ್ನಾಗಿದ್ದದ್ದು ಉಂಟಾ? ಜನ ಗಮನಿಸುವಷ್ಟು ಚೆನ್ನಾಗಿ?" ನಾನು ಇಲ್ಲ ಡಾಕ್ಟ್ರೇ ಎನ್ನುತ್ತಿದ್ದೆ. ಅಮ್ಮ ಮಧ್ಯೆ ಬಾಯಿ ಹಾಕಿ, "ಆ ಕುರ್ಚಿ ತಂದಾಗ ಇದ್ದಳಲ್ಲೋ" ಎಂದರು. ವೈದ್ಯೆ ನನ್ನ ಕಡೆ ಕೈ ತೋರಿಸಿ ಸುಮ್ಮನಿರಲು ಹೇಳಿ, ಅಮ್ಮನ ಕಡೆ ತಿರುಗಿದರು. ಆಗ ಎಷ್ಟು ಗಂಟೆ ನಿದ್ರೆ ಮಾಡುತ್ತಿದ್ದಳು? ಮಾತು ಜೋರಾಗಿತ್ತಾ? ದುಡ್ಡು? ಈ ಥರ ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ? ಅಮ್ಮ ಸ್ವಲ್ಪ ಹೊತ್ತು ಸೆರಗು ತಿರುವುತ್ತಿದ್ದು, ತಮ್ಮ ಅಣ್ಣನ ವಿಷಯ ಹೇಳಿದರು. ಒಂದೇ ಬೇಸಿಗೆಯಲ್ಲಿ ಎರಡು ಎಕರೆ ಮಾರಿದವರು, ಮರುವರ್ಷ ಬಾವಿಯಲ್ಲಿ ಸಿಕ್ಕಿದವರು. ನಮಗೆ ಚಿಕ್ಕಂದಿನಿಂದ ಹೇಳಿದ್ದು ಕಾಲು ಜಾರಿತು ಎಂದು.

ಅಲ್ಲಿಗೆ ಹೆಸರು ಬದಲಾಯಿತು. ಅಕ್ಕನದು ಬರೀ ಖಿನ್ನತೆಯಲ್ಲ, ಬೈಪೋಲಾರ್ ಎಂಬ ಕಾಯಿಲೆ. ಇದರಲ್ಲಿ ಮನಸ್ಸು ಕೆಲಕಾಲ ತಗ್ಗಿಗೆ ಬಿದ್ದರೆ ಮತ್ತೆ ಕೆಲಕಾಲ ಮಿತಿಮೀರಿ ಉಬ್ಬುತ್ತದೆ. ನಡುವೆ ವರ್ಷಗಟ್ಟಲೆ ಎಲ್ಲವೂ ಸರಿಯಾಗಿಯೇ ಇರಬಹುದು. ಉಬ್ಬಿದಾಗ ರೋಗಿಗೆ ತಾನು ರೋಗಿ ಎನ್ನಿಸುವುದೇ ಇಲ್ಲ. ಜೀವಮಾನದಲ್ಲೇ ಇಷ್ಟು ಚೆನ್ನಾಗಿರಲಿಲ್ಲ ಎನ್ನಿಸುತ್ತದೆ. ಆ ಸ್ಥಿತಿಯಲ್ಲಿ ಯಾರು ವೈದ್ಯರ ಬಳಿಗೆ ಹೋಗುತ್ತಾರೆ? ಹೋಗುವುದು ಬಿದ್ದಾಗ ಮಾತ್ರ. ವೈದ್ಯರಿಗೆ ಕಾಣುವುದೂ ಬಿದ್ದ ಮುಖ ಮಾತ್ರ. ಅಮೆರಿಕದಲ್ಲಿ ಈ ಕಾಯಿಲೆಯುಳ್ಳ ಸುಮಾರು 600 ಜನರನ್ನು 2000ದಲ್ಲಿ ವಿಚಾರಿಸಿದಾಗ, ಅವರಲ್ಲಿ 69 ಶೇಕಡಾ ಜನ ತಮಗೆ ಮೊದಲು ಬೇರೆ ಕಾಯಿಲೆಯ ಹೆಸರು ಹೇಳಲಾಗಿತ್ತು ಎಂದರು. ಆ ಬೇರೆ ಹೆಸರು ಹೆಚ್ಚಿನ ಸಲ ಖಿನ್ನತೆಯೇ ಆಗಿತ್ತು. ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಸರಿಯಾದ ಹೆಸರಿಗಾಗಿ 10 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾದಿದ್ದರು.

ಹೆಸರಿನಿಂದ ಏನಾಯಿತು ಎಂದು ನೀವು ಕೇಳಬಹುದು. ಬಹಳ ಆಯಿತು. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನು ಮಾತ್ರ ಕೊಟ್ಟರೆ ಸಾಲುವುದಿಲ್ಲ. ಕೆಲವರಲ್ಲಿ ಅದು ಮನಸ್ಸನ್ನು ಇನ್ನೊಂದು ತುದಿಗೆ ಎತ್ತಿಬಿಡುವುದೂ ಉಂಟು. ಅವರಿಗೆ ಬೇಕಾದದ್ದು ಎರಡೂ ಕಡೆಯ ಹೊಯ್ದಾಟವನ್ನು ತಡೆಯುವ ಔಷಧಿ. ಅಂಥವುಗಳಲ್ಲಿ ಹಳೆಯದು, ಇಂದಿಗೂ ಮುಖ್ಯವಾದದ್ದು ಲಿಥಿಯಂ. ಹೌದು, ಕಾಲೇಜಿನಲ್ಲಿ ನಾವು ಆವರ್ತ ಕೋಷ್ಟಕದಲ್ಲಿ ಬಾಯಿಪಾಠ ಮಾಡಿದ ಮೂರನೆಯ ಧಾತು, ಅದರ ಲವಣ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಗಿನಿಯಿಲಿಗಳ ಮೇಲಿನ ಪ್ರಯೋಗದಿಂದ ಶುರುಮಾಡಿ, ಉನ್ಮಾದದ ರೋಗಿಗಳಿಗೆ ಅದನ್ನು ಕೊಟ್ಟು 1949ರಲ್ಲಿ ವರದಿ ಪ್ರಕಟಿಸಿದರು. ಕಡಿಮೆಯಾದರೆ ಕೆಲಸ ಮಾಡದು, ಹೆಚ್ಚಾದರೆ ವಿಷ. ಆದ್ದರಿಂದ ಆಗಾಗ ರಕ್ತದಲ್ಲಿ ಅದರ ಮಟ್ಟವನ್ನೂ, ಜೊತೆಗೆ ಮೂತ್ರಪಿಂಡ ಮತ್ತು ಥೈರಾಯ್ಡ್ ಸ್ಥಿತಿಯನ್ನೂ ಪರೀಕ್ಷಿಸಬೇಕು. ಲಿಥಿಯಂ ತೆಗೆದುಕೊಳ್ಳುವವರು ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಬಾರದು, ಅವು ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಅಕ್ಕನಿಗೆ ಇದು ಹೊಂದಿತು. ಎಲ್ಲರಿಗೂ ಹೊಂದುತ್ತದೆಂದು ಹೇಳುತ್ತಿಲ್ಲ. ಅವಳಿಗೂ ಪೂರ್ತಿ ನಿರಾಳವಾಗಿಲ್ಲ, ಕೈ ಸ್ವಲ್ಪ ನಡುಗುತ್ತದೆ, ಬೋರ್ಡಿನ ಮೇಲೆ ಅಕ್ಷರ ಮೊದಲಿನಷ್ಟು ದುಂಡಗಿಲ್ಲ ಎಂದು ಬೇಸರಿಸುತ್ತಾಳೆ. ಆದರೆ ಅದಾದ ಮೇಲೆ ಒಂದು ವರ್ಷವೂ ಶಾಲೆ ತಪ್ಪಿಸಿಲ್ಲ.

ಹಿಂದಿನ ನಾಲ್ವರು ವೈದ್ಯರನ್ನು ನಾನು ದೂರುವುದಿಲ್ಲ. ಅವರೂ ಆ ಪ್ರಶ್ನೆ ಕೇಳಬೇಕಿತ್ತು, ನಿಜ. ಹೊರಗೆ ಅರುವತ್ತು ಜನ ಕಾದಿರುವಾಗ ಐದಾರು ನಿಮಿಷದಲ್ಲಿ ಎಷ್ಟು ಕೇಳಲಾದೀತು? ಟೇಪು ನನ್ನ ಕೈಯಲ್ಲಿತ್ತು, ನಾನು ಕೊಡಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮಗೋ ನಿಮ್ಮ ಮನೆಯವರಿಗೋ ಬಹುಕಾಲದ ಚಿಕಿತ್ಸೆಯಿಂದ ಗುಣ ಕಾಣದಿದ್ದರೆ, ಆರನೆಯ ವೈದ್ಯರನ್ನು ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮೇಲಿನಿಂದ ಕೆಳಗೆ ಇಸವಿಗಳನ್ನು ಬರೆಯಿರಿ. ಕಾಯಿಲೆ ಶುರುವಾದ ವರ್ಷಕ್ಕಿಂತ ಹಿಂದಿನಿಂದ, ಸಾಧ್ಯವಾದರೆ ಹೈಸ್ಕೂಲಿನ ದಿನಗಳಿಂದಲೇ. ಪ್ರತಿ ವರ್ಷದ ಎದುರು ಕುಗ್ಗಿದ ತಿಂಗಳು ಯಾವುದು, ಸರಿಯಾಗಿದ್ದ ತಿಂಗಳು ಯಾವುದು, ಮಿತಿಮೀರಿ ಚುರುಕಾಗಿದ್ದ ತಿಂಗಳು ಯಾವುದು ಎಂದು ಗುರುತಿಸಿ. ಹಬ್ಬ, ಮದುವೆ, ಪರೀಕ್ಷೆ, ಹೆರಿಗೆ ಇವುಗಳ ಆಸರೆಯಿಂದ ನೆನಪು ಮಾಡಿಕೊಂಡರೆ ತಿಂಗಳು ಸಿಕ್ಕುತ್ತದೆ. ನಿದ್ರೆ ಎಷ್ಟಿತ್ತು ಎಂಬುದನ್ನು ಬೇರೆಲ್ಲಕ್ಕಿಂತ ಮೊದಲು ಬರೆಯಿರಿ. ಮುಟ್ಟಿನ ದಿನಗಳೊಂದಿಗೆ ಏರಿಳಿತ ಕೂಡಿ ಬರುತ್ತಿದ್ದರೆ, ಹೆರಿಗೆಯಾದ ವಾರಗಳಲ್ಲಿ ಶುರುವಾಗಿದ್ದರೆ, ಅದೂ ಇರಲಿ. ತೆಗೆದುಕೊಂಡ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ವಾರ, ಏಕೆ ಬಿಟ್ಟಿರಿ. ಹೆಸರು ಮರೆತಿದ್ದರೆ ಖಾಲಿ ಪಟ್ಟಿಗಳನ್ನೇ ಒಂದು ಕವರಿಗೆ ಹಾಕಿಕೊಂಡು ಹೋಗಿ. ಕುಡಿತ ಇದ್ದರೆ ಎಷ್ಟು ಎಂಬುದನ್ನು ಹೆಂಡತಿ ಹೇಳುವ ಲೆಕ್ಕದಲ್ಲಿ ಬರೆಯುವುದು ಕ್ಷೇಮ. ಮನೆತನದಲ್ಲಿ ಯಾರಾದರೂ ಆಸ್ಪತ್ರೆ ಸೇರಿದ್ದು, ಮನೆ ಬಿಟ್ಟು ಹೋದದ್ದು, 'ಕಾಲು ಜಾರಿದ್ದು' ಇದ್ದರೆ ಅದನ್ನು ಬಿಡಬೇಡಿ. ಮಗಳ ಮದುವೆಗೆ ಅಡ್ಡಿಯಾದೀತೆಂದು ವೈದ್ಯರಿಂದಲೂ ಮುಚ್ಚಿಡುವವರನ್ನು ನಾನು ಬಲ್ಲೆ. ಆ ಹಾಳೆ ವೈದ್ಯರ ಕೋಣೆಯಿಂದ ಆಚೆ ಹೋಗುವುದಿಲ್ಲ.

ಹಾಳೆಯಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು ನಾಚಿಕೆಯ ಯೋಚನೆಗಳು. ದೇವರ ಮುಂದೆ ಕೈಮುಗಿದ ಕ್ಷಣದಲ್ಲೇ ಅಸಹ್ಯದ ಚಿತ್ರ ಮನಸ್ಸಿಗೆ ನುಗ್ಗುವುದು, ಎಳೆಗೂಸನ್ನು ಎತ್ತಿಕೊಂಡ ತಾಯಿಗೆ ತಾನೇ ಅದಕ್ಕೆ ಏನಾದರೂ ಮಾಡಿಬಿಟ್ಟೇನೋ ಎಂಬ ಭಯ ಮತ್ತೆ ಮತ್ತೆ ಬರುವುದು, ಬಾಗಿಲ ಚಿಲಕವನ್ನು ಇಪ್ಪತ್ತು ಸಲ ನೋಡಿ ಬರಬೇಕೆನ್ನಿಸುವುದು. ಇಂಥವರು ವೈದ್ಯರ ಬಳಿ ಹೋಗುತ್ತಾರೆ, ಆದರೆ ಹೇಳುವುದು "ನಿದ್ರೆ ಬರಲ್ಲ, ತಲೆ ಭಾರ" ಎಂದಷ್ಟೆ. ಒಳಗಿನದನ್ನು ಹೇಳಿದರೆ ತಾನು ಪಾಪಿ ಎಂದೋ ಕೊಲೆಗಾರಳೆಂದೋ ತಿಳಿದಾರು ಎಂಬ ಹೆದರಿಕೆ. ಮನೋವೈದ್ಯರಿಗೆ ಇದು ದಿನನಿತ್ಯ ಕೇಳುವ ಮಾತು. ಬೇಡವೆಂದರೂ ನುಗ್ಗುವ, ತನಗೇ ಹೇಸಿಗೆ ತರುವ ಯೋಚನೆ ಗೀಳು ಕಾಯಿಲೆಯ ಲಕ್ಷಣ. ಆ ಯೋಚನೆ ಬಂದು ನಡುಗುತ್ತಿರುವವರಿಗೂ ಹಾಗೆ ಮಾಡಬೇಕೆಂದು ಬಯಸುವವರಿಗೂ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತು. ಇಲ್ಲೂ ಸರಿಯಾದ ಹೆಸರು ಸಿಕ್ಕರೆ ಚಿಕಿತ್ಸೆ ಬೇರೆಯಾಗುತ್ತದೆ. ಖಿನ್ನತೆಗೆ ಕೊಡುವ ಮಾತ್ರೆಗಳಲ್ಲೇ ಕೆಲವನ್ನು ಗೀಳಿಗೂ ಕೊಡುತ್ತಾರಾದರೂ ಪ್ರಮಾಣ ಹೆಚ್ಚು ಬೇಕಾಗುತ್ತದೆ, ಪರಿಣಾಮ ಕಾಣಲು 10-12 ವಾರ ಹಿಡಿಯಬಹುದು. ಜೊತೆಗೆ, ಹೆದರಿಸುವ ಸನ್ನಿವೇಶವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿ ತೊಳೆಯುವುದನ್ನೂ ಪರೀಕ್ಷಿಸುವುದನ್ನೂ ತಡೆಹಿಡಿಯಲು ಕಲಿಸುವ ಒಂದು ಮನಶ್ಚಿಕಿತ್ಸೆ ಇದೆ, ಅದು ಪರಿಣಾಮಕಾರಿ. ಬರೀ ನಿದ್ರೆಯ ಮಾತ್ರೆ ತಿಂದು ಹತ್ತು ವರ್ಷ ಕಳೆದವರಿಗೆ ಇವೆರಡೂ ಸಿಕ್ಕಿರುವುದಿಲ್ಲ.

ಸಾಯುವ ಯೋಚನೆ ಬಂದಿದ್ದರೆ ಅದನ್ನೂ ನೇರವಾಗಿ ಹೇಳಿ. ಮನೆಯವರು ಅದನ್ನು ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದ್ದರಿಂದ ಎಷ್ಟೋ ಜನಕ್ಕೆ ಹಗುರವಾಗುತ್ತದೆ. ಅಂಥ ಯೋಚನೆ ಬಲವಾಗಿದ್ದರೆ ಹಾಳೆ ಬರೆಯುತ್ತ ಕೂರುವ ಸಮಯವಲ್ಲ, ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನಸ್ಸಿನದೆಂದು ಕಾಣುವ ತೊಂದರೆಗೆ ಕಾರಣ ದೇಹದಲ್ಲೇ ಇರಬಹುದು ಎಂಬುದನ್ನು ಇಲ್ಲಿ ಸೇರಿಸಬೇಕು. ಥೈರಾಯ್ಡ್ ಗ್ರಂಥಿ ಮಂದವಾದರೆ ಮನುಷ್ಯ ಮಂಕಾಗುತ್ತಾನೆ, ತೂಕ ಏರುತ್ತದೆ, ಚಳಿ ತಡೆಯದು, ಮಲಬದ್ಧತೆ ಇರುತ್ತದೆ. ಅದೇ ಗ್ರಂಥಿ ಅತಿಯಾದರೆ ಎದೆ ಬಡಿತ, ನಡುಕ, ಚಡಪಡಿಕೆ. ಇದು ಆತಂಕದ ಕಾಯಿಲೆಯಂತೆಯೇ ಕಾಣುತ್ತದೆ. ನಮ್ಮಲ್ಲಿ ಸಸ್ಯಾಹಾರಿಗಳು ಹೆಚ್ಚಾಗಿ ಮರೆಯುವುದು ಬಿ-12 ಜೀವಸತ್ವವನ್ನು. ಸೊಪ್ಪು, ಕಾಳು, ರಾಗಿ ಎಷ್ಟು ತಿಂದರೂ ಅದು ಸಿಗುವುದಿಲ್ಲ. ಮಾಂಸ, ಮೊಟ್ಟೆ, ಮೀನು, ಹಾಲು ಇವುಗಳಲ್ಲಿ ಮಾತ್ರ ಇದೆ, ನೀರು ಮಜ್ಜಿಗೆ ಮತ್ತು ಎರಡು ಲೋಟ ಕಾಫಿಯ ಹಾಲಿನಿಂದ ಸಾಲುವುದಿಲ್ಲ. ಕೊರತೆಯಾದರೆ ಪಾದ ಜುಮುಗುಟ್ಟುವುದು, ಸುಸ್ತು, ಮರೆವು, ಮನಸ್ಸು ಕುಗ್ಗುವುದು. ಚಿಕಿತ್ಸೆ ಸುಲಭ, ಅಗ್ಗ. ರಕ್ತಹೀನತೆ, ಸಕ್ಕರೆ ಕಾಯಿಲೆ, ಬೇರೆ ಕಾಯಿಲೆಗೆಂದು ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್ ಇವೂ ವೈದ್ಯರ ಗಮನಕ್ಕೆ ಬರಬೇಕು. ನೆಟ್ಟಗಿದ್ದ ವ್ಯಕ್ತಿ ಎರಡು ಮೂರು ದಿನದಲ್ಲಿ ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡತೊಡಗಿದರೆ, ಅದರಲ್ಲೂ ಜ್ವರ ಅಥವಾ ಫಿಟ್ಸ್ ಇದ್ದರೆ, ವಯಸ್ಸಾದವರಾದರೆ, ಮೊದಲು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಅದು ಮೆದುಳಿನ ಸೋಂಕೋ ಊತವೋ ರಕ್ತದ ಲವಣದ ಏರುಪೇರೋ ಆಗಿರಬಹುದು. ದೆವ್ವ ಬಿಡಿಸಲು ಕಳೆದ ಒಂದು ದಿನವೂ ಅಲ್ಲಿ ದುಬಾರಿ. ದೇವಸ್ಥಾನಕ್ಕೆ ಹೋಗಬೇಡಿ ಎನ್ನುತ್ತಿಲ್ಲ. ನಾವೂ ಅಕ್ಕನನ್ನು ಕರೆದುಕೊಂಡು ಹರಕೆ ತೀರಿಸಿ ಬಂದವರೇ. ಮಾತ್ರೆ ನಿಲ್ಲಿಸಿದರೇ ಹರಕೆ ಫಲಿಸುತ್ತದೆ ಎನ್ನುವವರ ಮಾತನ್ನು ಮಾತ್ರ ಕೇಳಬೇಡಿ.

ಹೆಸರು ಸರಿಯಿದ್ದೂ ಗುಣವಾಗದಿರುವುದುಂಟು. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತಲ್ಲ. ಸರಿಯಾದ ಪ್ರಮಾಣದಲ್ಲಿ 4ರಿಂದ 6 ವಾರ ದಿನವೂ ತೆಗೆದುಕೊಂಡ ಮೇಲೆ ಅದರ ಯೋಗ್ಯತೆ ಹೇಳಬಹುದು. ಬಾಯಿ ಒಣಗುವುದು, ವಾಕರಿಕೆ ಮೊದಲ ವಾರದಲ್ಲೇ ಬರುತ್ತವೆ, ಉಪಯೋಗ ಆಮೇಲೆ ಬರುತ್ತದೆ. ಈ ನಡುವಿನ ಅಂತರದಲ್ಲಿ ಬಹಳ ಜನ ಮಾತ್ರೆಯನ್ನೂ ವೈದ್ಯರನ್ನೂ ಒಟ್ಟಿಗೆ ಬಿಡುತ್ತಾರೆ. ನಾಲ್ವರು ವೈದ್ಯರನ್ನು ಕಂಡವರು ನಾಲ್ಕು ಔಷಧಿಗಳನ್ನು ಎರಡೆರಡು ವಾರ ತೆಗೆದುಕೊಂಡಿದ್ದರೆ, ಲೆಕ್ಕದಲ್ಲಿ ಅವರು ಒಂದನ್ನೂ ಪ್ರಯತ್ನಿಸಿಲ್ಲ. ಇನ್ನು, ಸರಿಯಾಗಿ ತೆಗೆದುಕೊಂಡವರಿಗೂ ಮೊದಲ ಔಷಧಿಯೇ ಹೊಂದಬೇಕೆಂದಿಲ್ಲ. ಅಮೆರಿಕದಲ್ಲಿ ಖಿನ್ನತೆಯ ಸಾವಿರಾರು ರೋಗಿಗಳ ಮೇಲೆ ನಡೆದು 2006ರಲ್ಲಿ ವರದಿಯಾದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಔಷಧಿಯಿಂದ ಲಕ್ಷಣಗಳೆಲ್ಲ ಹೋದದ್ದು ಸುಮಾರು ಮೂರರಲ್ಲಿ ಒಬ್ಬರಿಗೆ. ಉಳಿದವರಿಗೆ ಬದಲಾಯಿಸಬೇಕಾಯಿತು, ಅಥವಾ ಇನ್ನೊಂದನ್ನು ಸೇರಿಸಬೇಕಾಯಿತು. ಹೀಗೆ ಬದಲಾಯಿಸುವುದು ವೈದ್ಯರ ಸೋಲಲ್ಲ. ಆದರೆ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ತಲೆಸುತ್ತು, ಚಡಪಡಿಕೆ ಬರುತ್ತದೆ, ಆಮೇಲೆ ಅದು ಕಾಯಿಲೆಯೋ ಮಾತ್ರೆ ಬಿಟ್ಟದ್ದರ ಪರಿಣಾಮವೋ ತಿಳಿಯದು.

ವೈದ್ಯರನ್ನು ಪ್ರಶ್ನೆ ಕೇಳಲು ನಮ್ಮವರಿಗೆ ಸಂಕೋಚ. ನಾಲ್ಕೇ ಪ್ರಶ್ನೆ ಸಾಕು, ವಿನಯದಿಂದಲೇ ಕೇಳಬಹುದು. "ಇದಕ್ಕೆ ಏನು ಹೆಸರು ಡಾಕ್ಟ್ರೇ? ಬೇರೆ ಏನಾದರೂ ಇರಬಹುದೇ? ಎಷ್ಟು ವಾರದಲ್ಲಿ ಗುಣ ಕಾಣಬೇಕು? ಕಾಣದಿದ್ದರೆ ಮುಂದೇನು?" ಎರಡನೆಯ ಪ್ರಶ್ನೆ ಮುಖ್ಯ. ಒಳ್ಳೆಯ ವೈದ್ಯರು ಅದಕ್ಕೆ ಮುನಿಸಿಕೊಳ್ಳುವುದಿಲ್ಲ, ಪೆನ್ನು ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾರೆ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಕದ್ದು ಹೋಗಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರಲ್ಲಿ ಜಾರಿಗೆ ಬಂದಿದೆ. ಅದರ ಪ್ರಕಾರ ತನ್ನ ಚಿಕಿತ್ಸೆಯ ದಾಖಲೆಗಳನ್ನು ನೋಡಲು, ಪಡೆಯಲು ರೋಗಿಗೆ ಹಕ್ಕಿದೆ. ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ರಕ್ಷಣೆ ಕೊಡಬೇಕೆಂದೂ ಅದರಲ್ಲಿದೆ. ಹಳೆಯ ದಾಖಲೆ ಮತ್ತು ನಿಮ್ಮ ಹಾಳೆ, ಎರಡನ್ನೂ ಹೊಸ ವೈದ್ಯರ ಮುಂದಿಟ್ಟರೆ ಅವರು ಸೊನ್ನೆಯಿಂದ ಶುರುಮಾಡಬೇಕಾಗುವುದಿಲ್ಲ.

ಎಲ್ಲಿಗೆ ಹೋಗಬೇಕೆಂದು ಪತ್ರ ಬರೆದು ಕೇಳುವವರು ಬಹಳ. ಮನೋವೈದ್ಯರೆಂದರೆ ಎಂ.ಬಿ.ಬಿ.ಎಸ್. ಆದ ಮೇಲೆ ಮನೋವೈದ್ಯಕೀಯ ಓದಿದವರು, ಔಷಧಿ ಬರೆಯುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಮೂಲಕ, ಅಭ್ಯಾಸದ ಮೂಲಕ ಚಿಕಿತ್ಸೆ ಕೊಡುವವರು. ಎಷ್ಟೋ ಕಾಯಿಲೆಗೆ ಇಬ್ಬರೂ ಬೇಕು. ಎಲ್ಲರೂ ಬೆಂಗಳೂರಿನ ನಿಮ್ಹಾನ್ಸ್‌ಗೇ ಬಂದು ಬೆಳಗಿನಿಂದ ಸಾಲು ನಿಲ್ಲಬೇಕಿಲ್ಲ. ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆ ನೋಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಆ ಮಾದರಿಯ ಮೇಲೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇರುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಅಲ್ಲೇ ವಿಚಾರಿಸಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಎಂಬ ಈ ಉಚಿತ ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು, ಹಗಲು ರಾತ್ರಿ ಇದೆ, ಕನ್ನಡದಲ್ಲಿ ಮಾತಾಡಬಹುದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ 70ರಿಂದ 92 ಶೇಕಡಾ ಜನರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ನಾಲ್ವರು ವೈದ್ಯರನ್ನು ಕಂಡು ಬೇಸತ್ತವರು ಆ ಲೆಕ್ಕದಲ್ಲಿ ಮುಂದೆ ಇರುವವರೇ, ದಾರಿಯ ನಡುವೆ ನಿಂತವರು.

ಅಕ್ಕ ಈಗ ತನ್ನ ಹಾಳೆಯನ್ನು ತಾನೇ ಬರೆಯುತ್ತಾಳೆ, ಹಾಜರಿ ಪುಸ್ತಕದ ಥರ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ. ಎರಡು ರಾತ್ರಿ ಸತತವಾಗಿ ಐದು ಗಂಟೆಗಿಂತ ಕಡಿಮೆ ನಿದ್ರೆಯಾದರೆ ಆ ಮನೆಯಲ್ಲಿ ಕೆಂಪು ಶಾಯಿ. ಕೆಂಪು ಶಾಯಿ ಬಿದ್ದರೆ ಅವಳ ಮಗಳು ವೈದ್ಯೆಗೆ ಫೋನ್ ಮಾಡುತ್ತಾಳೆ, ಅಮ್ಮನ ಅಪ್ಪಣೆ ಕೇಳುವುದಿಲ್ಲ. ಅದು ಅವರಿಬ್ಬರ ನಡುವಿನ ಒಪ್ಪಂದ. ಈಗ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವಳೂ ಅವಳೇ. ನಾನು ಹೋದರೂ ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ.

ಅಂದು ಕೊನೆಯ ನಿಮಿಷದಲ್ಲಿ ಕರೆ ಮಾಡಿದವರೇ, ಈ ಪುಟ ನಿಮ್ಮ ಕೈಗೆ ಬಂದಿದ್ದರೆ ಹಾಳೆ ಬರೆದಿಟ್ಟುಕೊಂಡು ಮನಸ್ಸಿನ ಆರೋಗ್ಯದ ಮುಂದಿನ ಸಂಚಿಕೆಯ ದಿನ ಮತ್ತೆ ಫೋನ್ ಮಾಡಿ. ನಾಲ್ವರು ವೈದ್ಯರ ವಿಷಯ ಎಂದು ಆಪರೇಟರಿಗೆ ಹೇಳಿದರೆ ಸಾಕು. ಅಂದು ಮೊದಲ ಕರೆ ನಿಮ್ಮದೇ, ಸಂಗೀತ ಹಾಕಿಸುವುದಿಲ್ಲ.